ಕೆಂಪು ಫಿಲ್ಟರ್

ಆಶಾಪುರ ರಸ್ತೆಯ ತಗಡಿನ ಶೆಡ್ಡಿನಲ್ಲಿ
ಜಿಲಾನಿ ನನ್ನ ಗಾಡಿಯ ಬಾನೆಟ್ ಎತ್ತಿ
ಒಂದು ಮಾತೂ ಆಡದೆ ಡಿಪ್ ಸ್ಟಿಕ್ ಎಳೆದ.
ತುದಿಯ ಎಣ್ಣೆಯನ್ನು ಎರಡು ಬೆರಳ ನಡುವೆ
ಉಜ್ಜಿ, ಮೂಸಿ, ಬಿಸಿಲಿಗೆ ಹಿಡಿದ.
ನಾನೂ ಹೀಗೇ, ಹದಿನೆಂಟು ವರ್ಷದಿಂದ,
ರಿಮ್ಸಿನ ಲ್ಯಾಬಿನಲ್ಲಿ ಗಾಜಿನ ಮೇಲೆ ಹನಿ ಎಳೆದು
ಊರವರ ರಕ್ತ ಓದುವವಳು.
ಮುಖ ನೋಡಿದರೇ ಗೊತ್ತಾಯಿತು, ರಿಪೋರ್ಟು ಚೆನ್ನಾಗಿಲ್ಲ.

"ಯಾರ ಕಡಿಂದ ತಗಂಡ್ರಿ ಮೇಡಂ?"
ತೋರಣಗಲ್ಲಿನ ಪಂಪನಗೌಡರು. ಏಳು ವರ್ಷದ ಗಾಡಿ,
ಐದೂವರೆ ಲಕ್ಷ. ಕೀಲಿ ಕೊಡುವಾಗ ಬಾನೆಟ್ಟಿಗೆ ಕೈಮುಗಿದರು.
ಮನೆಯಾಕೆ ಓಡಿಸಿದ್ದು, ಪೇಟೆ ಬಿಟ್ಟರೆ ಮದುವೆಮುಂಜಿ,
ಮಣ್ಣಿನ ರಸ್ತೆ ಕಂಡೇ ಇಲ್ಲ ಅಂದರು.
ಮೀಟರಿನಲ್ಲಿ ಐವತ್ತೆಂಟು ಸಾವಿರ.

ಅವನು ಬಾಗಿ ಕ್ಲಚ್ ಪೆಡಲಿನ ರಬ್ಬರ್ ಮುಟ್ಟಿ ತೋರಿಸಿದ.
ಗೆರೆಯೆಲ್ಲ ಸವೆದು, ಹಳೇ ಗುಡಿಯ ಹೊಸ್ತಿಲಿನಷ್ಟು ನುಣುಪು.
"ಮೀಟರ್ ಹಿಂದಕ್ಕ ತಿರುವಬಹುದ್ರಿ,
ಇದನ್ನ ಹ್ಯಾಂಗ ತಿರುವ್ತಾರ?"

ಗ್ಲೋವ್ ಬಾಕ್ಸ್ ಕಳಚಿ, ಏಸಿ ಫಿಲ್ಟರ್ ಹೊರತೆಗೆದು
ನೆಲಕ್ಕೆ ಬಡಿದ.
ರಾಯಚೂರಿನ ಕರಿಮಣ್ಣಿನ ಮೇಲೆ ಬಿತ್ತು
ಸಂಡೂರಿನ ಒಂದು ಬೊಗಸೆ ಕೆಂಪು.
ಅದಿರಿನ ಲಾರಿಗಳ ಬೆನ್ನಿಗೆ ಬೆನ್ನು ಹಚ್ಚಿ
ಎಷ್ಟೋ ಬೇಸಿಗೆ ಓಡಿದ ಗಾಡಿ.
ಸೀಟಿನ ಸಂದಿಯಲ್ಲಿ ತೂಕದ ಚೀಟಿ, ಪೆಪ್ಪರ್‌ಮೆಂಟಿನ ಕಾಗದ,
ಅರ್ಧ ಹಲ್ಲು ಹೋದ ಒಂದು ಹಣಿಗೆ.

ಆಮೇಲೆ ಅವನು ಹೇಳತೊಡಗಿದ, ನಾನು
ಔಷಧಿ ಕಂಪನಿಯ ಪುಕ್ಕಟೆ ನೋಟ್ ಪ್ಯಾಡಿನಲ್ಲಿ ಬರೆದುಕೊಂಡೆ.
ಕ್ಲಚ್ ಪ್ಲೇಟು, ಬೇರಿಂಗ್ ಸೇರಿ ಹದಿನಾಲ್ಕು ಸಾವಿರ,
ಗೇರ್ ಬಾಕ್ಸ್ ಇಳಿಸುವ ಕೂಲಿ ಬೇರೆ.
ಟರ್ಬೊ ನೆಗಡಿಯ ಮೂಗಿನಂತೆ ಒಸರುತ್ತಿದೆ, ಈಗೇನಿಲ್ಲ,
ಒಂದು ದಿನ ನೀಲಿ ಹೊಗೆ ಕಾರಿದರೆ ಮೂವತ್ತೆಂಟು.
ಮುಂದಿನ ಲಿಂಕ್ ರಾಡು ಎರಡೂ ಹೋಗಿವೆ
(ಯರಮರಸಿನ ಹಂಪು ದಾಟುವಾಗಿನ ಆ ಕಟಕಟ,
ನಾನು ಡಿಕ್ಕಿಯೊಳಗಿನ ಜಾಕ್ ಅಂದುಕೊಂಡಿದ್ದೆ)
ಜೋಡಿಗೆ ಹದಿನೆಂಟು ನೂರು.
ಏಸಿ ಕಂಪ್ರೆಸರ್? "ಮೇ ತಿಂಗಳು ದಾಟಿದ್ರ ನಿಮ್ಮ ಪುಣ್ಯ."

ಕೂಡಿಸಿದೆ. ಟರ್ಬೊ ಕಳೆದೆ. ಮತ್ತೆ ಕೂಡಿಸಿದೆ.
"ಇನ್ನೊಂದಿಷ್ಟು ದಿನ ಹಿಂಗೇ ಓಡ್ಸಬಹುದೇನು?"
ಕೇಳಿದ ಮೇಲೆ ಹೊಳೆಯಿತು, ಇದು ನನ್ನ ಮಾತಲ್ಲ,
ಕೌಂಟರಿನ ಆಚೆಯಿಂದ ದಿನಾ ಬರುವ ಮಾತು.
ಜಿಲಾನಿ ಚಿಂದಿಗೆ ಕೈ ಒರೆಸುತ್ತ ಅಂದ,
"ಓಡ್ತೈತ್ರಿ. ಓಡ್ತೈತಲ್ಲ, ಅದೇ ತ್ರಾಸು."

ರಾತ್ರಿ ಪಾಳಿ. ಜ್ವರದ ಸ್ಲೈಡುಗಳು ಮುಗಿದ ಮೇಲೆ
ಪರ್ಸಿನಲ್ಲಿ ಪೊಟ್ಟಣ ಕಟ್ಟಿ ತಂದಿದ್ದ ಆ ಕೆಂಪನ್ನು
ಚಿಟಿಕೆ ಉದುರಿಸಿ ಲೆನ್ಸಿನ ಕೆಳಗಿಟ್ಟೆ.
ಉರುಟಾಗಿಲ್ಲ ಕಣಗಳು, ಒಡೆದ ಬಳೆಚೂರು,
ಅಂಚಿಗೆ ಸಣ್ಣ ಹೊಳಪು.
ರಕ್ತದಲ್ಲೂ ಇರೋದು ಕಬ್ಬಿಣವೇ ತಾಯಿ, ಗುಳಿಗೆ ಬಿಡಬೇಡ ಎಂದು
ಎಷ್ಟು ಬಸುರಿಯರಿಗೆ ಹೇಳಿದ್ದೇನೋ.
ಪಂಪನಗೌಡರ ಮನೆಯಾಕೆಯ ಎದೆಗೂಡು ನೆನಪಾಯಿತು,
ಆಕೆ ಓಡಿಸಿದ್ದು ನಿಜವಾಗಿದ್ದರೆ.

ಕ್ಲಚ್ಚು, ಲಿಂಕ್ ರಾಡು ಮಾಡಿಸಿದೆ. ಟರ್ಬೊ ಬಿಟ್ಟೆ.
ಇನ್ನೂರು ರೂಪಾಯಿಗೆ ಅರ್ಧ ತಾಸು ಚೌಕಾಸಿ ಮಾಡಿದೆ.

ಹತ್ತು ದಿನಕ್ಕೆ ಜಿಲಾನಿಯೇ ಬಂದ, ಅಂಗಿಯ ತೋಳು ಮಡಚಿಕೊಂಡು,
ಉಗುರಿನೊಳಗೆ ಯಾರದೋ ಗಾಡಿಯ ಮಸಿ.
ಖಾಲಿ ಹೊಟ್ಟೆಯ ಸಕ್ಕರೆ ಇನ್ನೂರ ಎಪ್ಪತ್ತು.
ಚೀಟಿ ತಿರುವಿದ, ಹಿಂದೆ ಏನಾದರೂ ಬರೆದಿದೆಯೋ ಎಂಬಂತೆ.
"ಗುಳಿಗಿ ಈಗಲೇ ಶುರು ಮಾಡ್ಬೇಕಾ ಮೇಡಂ?
ರಂಜಾನ್ ಒಂದು ಕಳೀಲಿ ಅಂದ್ರ..."
ನನ್ನ ಬಾಯಿಗೆ ಬಂದದ್ದು ಅವನದೇ ಮಾತು. ಆಡಲಿಲ್ಲ.
ಡಾಕ್ಟರ ಕೋಣೆ ತೋರಿಸಿದೆ.

ಬಾಗಿಲಲ್ಲಿ ನಿಂತು ಕೇಳಿದ,
"ಗಾಡಿ ಹೊಗಿ ಬಿಡ್ತೈತೇನ್ರಿ?"
"ಇನ್ನೂ ಇಲ್ಲ" ಅಂದೆ.